ಕೊಟ್ರಯ್ಯನ ಆಕಳಿಕೆ ನಿಲ್ಲಿಸಲು ಮುತ್ತಜ್ಜಿಗೆ ಕೋರಿಕೆ

ಗಾಳಿಗುಡ್ಡ, ಇಸವಿ ೨೨೩೧, ಹದಿಮೂರನೆಯ ತಿಂಗಳು, ತಾರೀಖು ಮೂವತ್ತೆರಡು.

ಮಾತೃಶ್ರೀ ಸಮಾನರಾದ ಮುತ್ತಜ್ಜಿ ದಾಕ್ಷಾಯಣಿಯವರಿಗೆ, ನಿಮ್ಮ ಮರಿಮೊಮ್ಮಗನ ಮರಿಮೊಮ್ಮಗ ಯಮನೂರಪ್ಪ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇನ್ನೂ ಇಪ್ಪತ್ತೇಳರ ಹರೆಯದಲ್ಲಿರುವ ನಿಮ್ಮನ್ನು ಮುತ್ತಜ್ಜಿ ಎಂದದ್ದಕ್ಕೂ, ಮುಂದೆ ಬರುವ ವಿಚಿತ್ರ ಮಾತುಗಳಿಗೂ ಕ್ಷಮೆ ಇರಲಿ. ನಾನು ಊರ ಸಾಲಿಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವನು. ಎಂಟನೆಯದು ನನಗೆ ಬೇಕಾಗಲಿಲ್ಲ. ಈ ಕಾಗದ ಕಾಲಂಚೆಯಲ್ಲಿ ಬರುತ್ತಿದೆ. ಅದರಲ್ಲಿ ಬರೆದ ವಾಕ್ಯ ಬರೆದ ಕೂಡಲೇ ಹಿಂದಿನ ಕಾಲಕ್ಕೆ ಮುಟ್ಟುತ್ತದೆ, ಹೊಡೆದು ಹಾಕಲು ಬರುವುದಿಲ್ಲ.

ಆಸ್ಪತ್ರೆಯ ಪಾಳಿಗೆ ನೀವು ಹೊರಟಾಗ ನಿಮ್ಮ ಕೂಸು ಸೆರಗು ಬಿಡುವುದಿಲ್ಲವೆಂದೂ, ಎದುರು ಮನೆಯ ಟೇಲರ್ ಮುದಕಯ್ಯ ಅದನ್ನು ಹೆಗಲಿಗೆ ಹಾಕಿಕೊಂಡು ಒಮ್ಮೆ ಆಕಳಿಸಿದರೆ ಮಾತ್ರ ಮಲಗುವುದೆಂದೂ ನಮ್ಮ ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ಇಲ್ಲಿ ಅದೇ ಪದ್ಧತಿಯಾಗಿದೆ. ಓಣಿಗೊಂದು ಜೋಂಪುಗಟ್ಟೆ ಇದೆ. ನಡೆಯಲು ಕಲಿತ ಕೂಸನ್ನು ಅದರ ಮೇಲೆ ಬಿಡುತ್ತಾರೆ, ಓಣಿಯ ಹಿರಿಯರೆಲ್ಲ ಸಾಲಾಗಿ ಕೂರುತ್ತಾರೆ, ಕೂಸು ಯಾರ ಹೆಗಲು ಹತ್ತುತ್ತದೆಯೋ ಅವರೇ ಅದರ ಹೆಗಲಯ್ಯ. ಇದಕ್ಕಿಂತ ದೊಡ್ಡ ಮರ್ಯಾದೆ ಊರಲ್ಲಿ ಇನ್ನೊಂದಿಲ್ಲ. ಕೂಸು ಹೆಗಲ ಮೇಲೆ ಮಲಗದ ಹೊರತು ತಾಯಿ ಗುಡ್ಡದ ಮೇಲಕ್ಕೆ ಕೆಲಸಕ್ಕೆ ಒಯ್ಯುವ ಹಾರುಬುಟ್ಟಿ ಹತ್ತುವಂತಿಲ್ಲ, ಅದು ಕಾಯಿದೆ.

ನನ್ನ ಸೊಸೆ, ಅಂದರೆ ಅಕ್ಕನ ಮಗಳು, ನೀಲಾಂಬಿಕೆಯ ಕೂಸು ಚುಕ್ಕಿ ನನ್ನನ್ನೇ ಹತ್ತುವುದೆಂದು ನಾನು ಓಣಿಗೆಲ್ಲ ಸಾರಿ, ಹೊಸ ರುಮಾಲು ಕೂಡ ಸುತ್ತಿಕೊಂಡು ಕೂತಿದ್ದೆ. ನನ್ನಷ್ಟು ಹಾಡು, ಕೋಡಂಗಿ ಆಟ, ಹುಲಿಯ ಕೂಗು ಯಾರಿಗೆ ಬರುತ್ತದೆ? ಚುಕ್ಕಿ ನನ್ನ ಮೀಸೆ ಎಳೆದು, ಕೇಕೆ ಹಾಕಿ ನಕ್ಕು, ನನ್ನನ್ನು ದಾಟಿ ಹೋಗಿ ಮುದಕಯ್ಯನ ವಂಶದ ಕೊಟ್ರಯ್ಯನ ಹೆಗಲು ಹತ್ತಿತು. ಅವನಿಗೆ ಒಂದು ಹಾಡೂ ಬಾರದು. “ನಾ ಏನೂ ಮಾಡಂಗಿಲ್ರೀ, ನನಗ ನಿದ್ದಿ ಬರ್ತೈತಿ, ಅಷ್ಟ” ಎನ್ನುತ್ತಾನೆ. ಅವನು ಬಾಯಿ ತೆರೆದರೆ ಕೂಸೂ ಬಾಯಿ ತೆರೆಯುತ್ತದೆ, ಇಬ್ಬರೂ ಢಂ ಎಂದು ನಿದ್ದೆಗೆ! ನಾನು ನೀಲಾಳ ಮುಂದೆ ಗೋಳಾಡಿದರೆ, “ಮಾಮಾ, ನೀ ಹಾಡಿದ್ರ ಕೂಸು ಮಕ್ಕೊಳ್ಳೂದಿರ್ಲಿ, ಸತ್ತವ್ರೂ ಎದ್ದು ಕೂಡ್ತಾರ” ಎಂದಳು. ಅಂದಿನಿಂದ ನನಗೆ ಅನ್ನ ಇಳಿಯುತ್ತಿಲ್ಲ.

ಆದ್ದರಿಂದ ಮುತ್ತಜ್ಜಿ, ಒಂದು ಸಣ್ಣ ಉಪಕಾರ. ಮುದಕಯ್ಯ ಕೂಸನ್ನು ಎತ್ತಿಕೊಳ್ಳುವ ಮೊದಲು ದಿನಾಲೂ ಅವನಿಗೆ ಒಂದು ಲೋಟ ಖಡಕ್ ಚಹಾ ಕುಡಿಸಿರಿ. ಆ ಆಕಳಿಕೆ ಅವನ ವಂಶಕ್ಕೆ ಇಳಿಯದೆ ಅಲ್ಲೇ ಸಾಯಲಿ.

ಅಯ್ಯೋ, ಎಷ್ಟು ಬೇಗ ಮುಟ್ಟಿತು! ಕಿಟಕಿಯಿಂದ ಕಾಣುತ್ತಿದೆ: ಕಟ್ಟೆಯ ಮೇಲೆ ಕೊಟ್ರಯ್ಯ ಗೂಬೆಯಂತೆ ಕಣ್ಣು ಬಿಟ್ಟು ನಿಂತಿದ್ದಾನೆ. ಚುಕ್ಕಿ ಅವನ ಹೆಗಲಿಂದ ಜಾರಿ ನನ್ನ ಮನೆಗೇ ಓಡಿ ಬಂದು ನನ್ನ ಹೆಗಲನ್ನೇ ಹತ್ತಿದೆ! ಮುತ್ತಜ್ಜಿ, ನಿಮ್ಮ ಚಹಾಕ್ಕೆ ಜಯವಾಗಲಿ.

ಹಾಡಿದೆ, ಚಪ್ಪಾಳೆ ತಟ್ಟಿತು. ತೊಟ್ಟಿಲಂತೆ ತೂಗಿದೆ, ಕುದುರೆ ಎಂದು ಒದೆಯಿತು. ಮೆಲ್ಲಗೆ ಗುನುಗಿದರೂ “ಇನ್ನೊಂದ, ಮಾಮಾ, ಹುಲಿ!” ಎನ್ನುತ್ತಿದೆ. ಹೊರಗೆ ಬುಟ್ಟಿಯ ಬಾಗಿಲಲ್ಲಿ ನೀಲಾ ನಿಂತಿದ್ದಾಳೆ. ಹೆರಿಗೆಯ ಬಳಿಕ ಇಂದೇ ಅವಳ ಮೊದಲ ಪಾಳಿ, ಗುಡ್ಡದ ಮೇಲಿನ ಗಾಳಿಗಿರಣಿಯ ಹಿರೇತನ ಇಂದೇ ಅವಳಿಗೆ. ಬುಟ್ಟಿ ತಪ್ಪಿದರೆ ಅದು ಬೇರೆಯವರ ಪಾಲು. ಗಂಡ ಮೋಡಗಾವಲಿಗೆ, ಅಂದರೆ ಕೆರೆಗಳ ಕಡೆ ಮೋಡ ಹೊಡೆದುಕೊಂಡು ಬರಲು, ಮುಂಜಾನೆಯೇ ಹೋಗಿದ್ದಾನೆ. “ಮಾಮಾ, ಏನರ ಮಾಡೀಯೇನ?” ಎಂದು ಅಲ್ಲಿಂದಲೇ ಕೂಗಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ದನಿ ಒಡೆದಿತ್ತು.

ಮುತ್ತಜ್ಜಿ, ನಿಲ್ಲಿಸಿರಿ! ಲೋಟ ಕಸಿದುಕೊಳ್ಳಿರಿ. ಮುದಕಯ್ಯನಿಗೆ ಮಜ್ಜಿಗೆ ಕೊಡಿರಿ, ಹೊಟ್ಟೆ ತುಂಬ ಅನ್ನ ಹಾಕಿರಿ, ಮನದಣಿಯೆ ಆಕಳಿಸಲಿ.

ಕೊಟ್ರಯ್ಯ ಬಾಯಿ ತೆರೆದ. ನನ್ನ ಹೆಗಲ ಮೇಲೆ ಒಂದು ಸಣ್ಣ ಬಾಯಿಯೂ ತೆರೆಯಿತು, ತೋಳು ಮಾತ್ರ ಅವನ ಕಡೆ ಚಾಚಿತು. ಕೂಸನ್ನು ಅವನಿಗೆ ಕೊಟ್ಟುಬಂದೆ, ಮಲಗಿತು. ಬುಟ್ಟಿ ಮೇಲೇರುತ್ತಿದೆ, ನೀಲಾ ನನಗೆ ಕೈ ಬೀಸುತ್ತಿದ್ದಾಳೆ, ಪಾಪ, ನಾನೇ ಮಲಗಿಸಿದೆನೆಂದು ತಿಳಿದಿರಬೇಕು. ತಿಳಿದುಕೊಳ್ಳಲಿ.

ಕಡೆಯ ಕೋರಿಕೆ. ಪಾಳಿ ಮುಗಿಸಿ ಬಂದು ನಿಮ್ಮ ಕೂಸನ್ನು ಎಬ್ಬಿಸುವಾಗ ದಿನಾಲೂ ಒಮ್ಮೆ ಹುಲಿಯ ಕೂಗು ಹಾಕಿ ನಗಿಸಿರಿ. ಮಲಗಿಸುವ ಹೆಗಲು ಅವರ ವಂಶಕ್ಕಿರಲಿ, ಎದ್ದಾಗಿನ ಆ ನಗುವಾದರೂ ಇಳಿದು ಬಂದು ನನಗೆ ಮುಟ್ಟಲಿ. ಮತ್ತು ಮುದಕಯ್ಯನಿಗೆ ಚಹಾ ಮಾತ್ರ ಎಂದಿಗೂ ಕೊಡಬೇಡಿರಿ. ಈ ಮಾತನ್ನು ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ.