ಮೂರು ವರ್ಷ ಎಂದು ಬರೆದ ಚೀಟಿ

ಮಂಗಳವಾರ, ಸೆಪ್ಟೆಂಬರ್ ೯

ಪ್ರೀತಿಯ ಪುಟ್ಟಿ,

ಕ್ಷೇಮವೇ ಎಂದು ಕೇಳುವ ಮುಖ ನನಗಿಲ್ಲ. ನೀನು ಫೋನ್ ಎತ್ತುತ್ತಿಲ್ಲ, ಭಾನುವಾರ ನಾನು ಬಂದು ಬಾಗಿಲು ತಟ್ಟಿದರೂ ತೆಗೆಯಲಿಲ್ಲ. ಅದಕ್ಕೇ ಈ ಕಾಗದ. ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಕರಡು ತಿದ್ದಿದವಳು ಕೈಗೆ ಬಂದ ಬರಹವನ್ನು ಓದದೆ ಎಸೆಯಲಾರಳು ಎಂಬ ಒಂದೇ ಧೈರ್ಯ.

ಶನಿವಾರ ನೀನು ಕಳಿಸಿದ ಮೊಲದ ಗೂಡು ನಮ್ಮ ಪ್ರಾಣಿ ಆಶ್ರಯ ಕೇಂದ್ರಕ್ಕೆ ಬಂತು. ನೀನು ಅದನ್ನು ತೊಳೆದು, ಒರೆಸಿ, ನೀರಿನ ಬಟ್ಟಲನ್ನು ಟವೆಲಿನಲ್ಲಿ ಸುತ್ತಿಟ್ಟಿದ್ದೆ. ಜೊತೆಗಿದ್ದ ಕಾಗದದ ಚೂರಿನಲ್ಲಿ, “ಅಕ್ಕ, ಮೂರು ವರ್ಷದ ಮೊಲಾನ ಒಂಬತ್ತೇ ತಿಂಗಳಲ್ಲಿ ಸಾಯಿಸಿಬಿಟ್ಟೆ. ಇನ್ನು ಯಾವ ಜೀವಾನೂ ನನ್ನ ಕೈಗೆ ಕೊಡಬೇಡ” ಎಂದಿತ್ತು.

ಅದು ಮೂರು ವರ್ಷದ್ದಲ್ಲ, ಪುಟ್ಟಿ. ನಿನ್ನ ಮನೆಗೆ ಬಂದಾಗಲೇ ಅದಕ್ಕೆ ಎಂಟು ತುಂಬಿತ್ತು. ಮೊಲಗಳಲ್ಲಿ ಅದು ಕೋಲು ಹಿಡಿಯುವ ವಯಸ್ಸು. ನನಗೆ ಗೊತ್ತಿತ್ತು. ಸುಳ್ಳು ಬರೆದವಳು ನಾನು.

ಮೊದಲಿನಿಂದ ಹೇಳುತ್ತೇನೆ. ಮನೆ ಬದಲಿಸುತ್ತಿದ್ದ ಗಂಡ ಹೆಂಡತಿ ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದಿಟ್ಟು, “ಮಗಳಿಗೆ ಈಗ ಇದರ ಮೇಲೆ ಆಸೆ ಇಲ್ಲ” ಎಂದು ಹೇಳಿ ಹೋದರು. ನಮ್ಮಲ್ಲಿ ಆರು ವರ್ಷ ದಾಟಿದ ಪ್ರಾಣಿಗಳ ಗೂಡಿಗೆ ಹಳದಿ ಚೀಟಿ ಅಂಟಿಸುತ್ತೇವೆ. ಬಂದವರು ಚೀಟಿ ಓದುತ್ತಾರೆ, “ಅಯ್ಯೋ ಪಾಪ” ಎನ್ನುತ್ತಾರೆ, ಪಕ್ಕದ ಗೂಡಿನ ಮರಿಗಳ ಕಡೆ ನಡೆಯುತ್ತಾರೆ. ಪಾಪ ಅಂದವರೆಲ್ಲ ಒಂದೊಂದನ್ನು ಕರೆದೊಯ್ದಿದ್ದರೆ ನಮ್ಮ ಕೇಂದ್ರ ಎಂದೋ ಬಾಗಿಲು ಹಾಕುತ್ತಿತ್ತು. ಐದು ತಿಂಗಳು ಅದು ಅಲ್ಲೇ, ಗೋಡೆಗೆ ಮುಖ ಮಾಡಿ ಕೂತಿತ್ತು. ಒಂದು ಸೋಮವಾರ ಡಾಕ್ಟರಮ್ಮ ಅದರ ಬೆನ್ನು ಸವರಿ, “ಹಿಂಗಾಲು ಹಿಡ್ಕೊಂಡಿವೆ, ಕಿಡ್ನೀನೂ ಸೋತಿದೆ. ಮೂರು ತಿಂಗಳು ಉಳಿದ್ರೆ ದೊಡ್ಡದು” ಎಂದರು. ಅವತ್ತು ಸಂಜೆ ಎಲ್ಲರೂ ಹೋದ ಮೇಲೆ ನಾನು ಹಳದಿ ಚೀಟಿ ಕಿತ್ತು, ಬಿಳಿ ಚೀಟಿಯ ಮೇಲೆ ‘ಮೂರು ವರ್ಷ’ ಎಂದು ಬರೆದೆ. ಆಮೇಲೆ ನಿನಗೆ ಫೋನ್ ಮಾಡಿದೆ.

ನೀನು ಬಂದವಳೇ ಮೊದಲು ಹೇಳಿದ್ದು ನನಗೆ ಅಕ್ಷರಕ್ಷರ ನೆನಪಿದೆ. “ವಯಸ್ಸಾಗಿದ್ದು ಬೇಡ ಅಕ್ಕ. ಎರಡು ವರ್ಷ ನಮ್ಮನೆಯವರ ಮಂಚದ ಪಕ್ಕ ಕೂತು ಕಾದಿದ್ದೀನಿ. ಮತ್ತೆ ಔಷಧಿ, ಮತ್ತೆ ಕಾಯೋದು, ನನ್ನ ಕೈಲಾಗಲ್ಲ.” ನಾನು ತಲೆಯಾಡಿಸಿದೆ. ನೀನು ಕಂಬಿಯೊಳಗೆ ಬೆರಳು ಹಾಕಿದೆ. ಅದು ಎದ್ದು ಬಂದು ನಿನ್ನ ಬೆರಳಿನ ಕೆಳಗೆ ತಲೆಯಿಟ್ಟಿತು. ಅಷ್ಟರಲ್ಲಿ ಗೂಡು ತೊಳೆಯುವ ಆಯಮ್ಮ ಬಂದು, “ತಾತಾ, ಸ್ವಲ್ಪ ಜರುಗಪ್ಪ” ಎಂದಳು. ನಾನು ತಡಮಾಡದೆ, “ಗಡ್ಡ ನೋಡಿ ಹಾಗೆ ಕರೀತಾಳೆ” ಎಂದೆ. ನೀನು ನಕ್ಕೆ. ನಿನ್ನ ಯಜಮಾನರು ಹೋದಮೇಲೆ ನಾನು ಕೇಳಿದ ಮೊದಲ ನಗು ಅದು. ಆ ಮನೆಯಲ್ಲಿ ನೀನು ಒಬ್ಬಳೇ ಗೋಡೆ ನೋಡಿಕೊಂಡಿರುವುದನ್ನು ನೋಡಲಾರದೆ ಹೀಗೆ ಮಾಡಿದೆ ಎಂದುಕೋ.

ಆಮೇಲೆ ಪ್ರತಿ ವಾರ ಸುಳ್ಳಿನ ಮೇಲೆ ಸುಳ್ಳು. “ಸೋಫಾ ಹತ್ತಲ್ಲ ಅಕ್ಕ” ಎಂದೆ ನೀನು. “ಸೋಮಾರಿ” ಎಂದೆ ನಾನು. ನೀನು ಹಳೆಯ ಪ್ರೂಫುಗಳ ಕಟ್ಟನ್ನು ಜೋಡಿಸಿ ಅದಕ್ಕೆ ಮೆಟ್ಟಿಲು ಮಾಡಿಕೊಟ್ಟೆ. “ಹೆಚ್ಚು ನೀರು ಕುಡಿಯುತ್ತೆ” ಎಂದೆ ನೀನು, “ಸೆಕೆ” ಎಂದೆ ನಾನು. ಅವತ್ತೇ ನಿಜ ಹೇಳಿದ್ದರೆ ಔಷಧಿಯಾದರೂ ಸಿಗುತ್ತಿತ್ತು. ಅದರ ಪಾಪ ನನ್ನದು. ಹೊಸ ಸೊಪ್ಪು ಹಾಕಿದ್ದಕ್ಕೆ ಹೋಯಿತು, ಗುರುವಾರ ಪ್ರೆಸ್ಸಿನಿಂದ ತಡವಾಗಿ ಬಂದದ್ದಕ್ಕೆ ಹೋಯಿತು ಎಂದು ನೀನು ಪಕ್ಕದ ಮನೆಯವರ ಹತ್ತಿರ ಅತ್ತಿದ್ದೆಯಂತೆ. ಸೊಪ್ಪಿನಿಂದಲ್ಲ. ಮೂರು ತಿಂಗಳು ಎಂದು ಡಾಕ್ಟರಮ್ಮ ಹೇಳಿದ್ದ ಜೀವ ಒಂಬತ್ತು ತಿಂಗಳು ಬದುಕಿತು. ಆ ಹೆಚ್ಚಿನ ಆರು ತಿಂಗಳು ನಿನ್ನ ಕೈಗುಣ.

ನಿನ್ನೆ ಮೇಲ್ವಿಚಾರಕರಿಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. “ಇನ್ಮೇಲೆ ಚೀಟಿ ಬರೆಯೋದು ಬೇಡಮ್ಮ, ಹುಲ್ಲು ಹಾಕೋ ಕೆಲಸ ನೋಡ್ಕೊಳ್ಳಿ” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಕ್ಷಮಿಸು ಎಂದು ಕೇಳುವುದಿಲ್ಲ. ನನ್ನ ಮೇಲೆ ಎಷ್ಟು ದಿನ ಬೇಕಾದರೂ ಸಿಟ್ಟು ಮಾಡು. ನಿನ್ನ ಕೈಗಳ ಮೇಲೆ ಮಾತ್ರ ಬೇಡ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಒಮ್ಮೆ ಓದಿ ನೋಡಿದೆ. ನೀನು ಒಬ್ಬಳೇ ಇರುವುದನ್ನು ನೋಡಲಾರದೆ ಹೀಗೆ ಮಾಡಿದೆ ಎಂದು ಬರೆದಿದ್ದೇನಲ್ಲ, ಅದೂ ಸುಳ್ಳು. ಆ ಸೋಮವಾರ ಚೀಟಿ ಬದಲಿಸುವಾಗ ನೀನು ನನ್ನ ಮನಸ್ಸಿನಲ್ಲೇ ಇರಲಿಲ್ಲ. ಆ ಮೊಲ ಗೂಡಿನಲ್ಲಿ ಸಾಯಬಾರದು, ಯಾರದಾದರೂ ಮನೆಯಲ್ಲಿ ಸಾಯಲಿ, ಅಷ್ಟೇ ಇತ್ತು. ಯಾರ ಮನೆ ಖಾಲಿ ಇದೆ ಎಂದು ಯೋಚಿಸಿದೆ. ನಿನ್ನ ಮನೆ ನೆನಪಾಯಿತು.