ನೀರು ಬೆರೆಸಿದಾಗ ಏರಿದ ಅಂಕೆ

ಭಾನುವಾರ, ಸೆಪ್ಟೆಂಬರ್ ೧೪

ಪ್ರೀತಿಯ ಗುಬ್ಬಿ,

ಮೊದಲು ಅಮ್ಮನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊ. ಒಂದು ಲೋಟ ನೀರು ಕುಡಿದು ಗಂಟಲು ಸರಿಮಾಡಿಕೊ. ಕಳೆದ ಸಲ ನೀನು ಅರ್ಧ ಪುಟ ನುಂಗಿಹಾಕಿದೆ ಎಂದು ಅಮ್ಮ ಫೋನಿನಲ್ಲಿ ದೂರಿದ್ದಾಳೆ. "ನಿನ್ನ ತಂಗಿ ಓದೋದು ಬಸ್ಸು ಹಿಡಿಯೋಕೆ ಓಡ್ತಿರೋರ ಥರ," ಅಂದಳು. ಕಣ್ಣು ಹೋದರೂ ಅವಳ ಕಿವಿಗೆ ಮೋಸ ಮಾಡುವುದು ನಿನ್ನಿಂದ ಆಗದ ಕೆಲಸ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವು ಮೂವರೂ ಊಟ ಆಯಿತಾ ಎನ್ನುವುದರ ಆಚೆ ಹೋಗುವುದೇ ಇಲ್ಲ. ಪತ್ರವಾದರೆ ಅವಳು ಎರಡೆರಡು ಸಲ ಓದಿಸಿಕೊಳ್ಳುತ್ತಾಳೆ.

ಎರಡು ತಿಂಗಳಿಂದ ಒಂದು ಸಾಲೂ ಬರೆದಿಲ್ಲ ಎಂದು ಇಬ್ಬರೂ ಮುಖ ಊದಿಸಿಕೊಂಡಿದ್ದೀರಿ, ಗೊತ್ತು. ತಪ್ಪು ನನ್ನದೇ, ಹೊಟ್ಟೆಗೆ ಹಾಕಿಕೊಳ್ಳಿ. ಈಗ ಮುಂದಿನ ಸಾಲನ್ನು ಜೋರಾಗಿ ಓದು. ನಿನ್ನ ಅಕ್ಕ ಒಬ್ಬ ಹೆಂಗಸಿನ ಕಣ್ಣು ಉಳಿಸಿದ್ದಾಳೆ!

ಜುಲೈ ತಿಂಗಳ ಒಂದು ಸೋಮವಾರ ನಮ್ಮ ಆಸ್ಪತ್ರೆಯ ಲ್ಯಾಬಿಗೆ ರಕ್ತ ಕೊಡಲು ಒಬ್ಬ ಟೈಲರಮ್ಮ ಬಂದರು. ನಲವತ್ತೈದರ ಆಸುಪಾಸು, ಅಳತೆ ಟೇಪು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು. ಒಳಗೆ ಬರುವಾಗ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಂಡರು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಇನ್ನೊಂದು ಪಕ್ಕದ ಮೇಜಿಗೆ ಸೊಂಟ ತಾಗಿಸಿಕೊಂಡರು. "ಎದುರಿಗಿರೋದು ಕಾಣತ್ತೆ ಮೇಡಂ, ಅಕ್ಕಪಕ್ಕ ಏನೂ ಕಾಣಲ್ಲ. ಸೂಜಿಗೆ ದಾರ ಪೋಣಿಸೋಕೂ ಈಗ ಮಗಳನ್ನ ಕರೀಬೇಕು," ಅಂದರು. ತಲೆಯೊಳಗೆ, ಕಣ್ಣಿನ ನರಗಳ ಕೆಳಗೆ, ನಿಂಬೆಹಣ್ಣಿನಷ್ಟು ಗಡ್ಡೆ ಇದೆ ಎಂದು ಸ್ಕ್ಯಾನಿನಲ್ಲಿ ಗೊತ್ತಾಗಿತ್ತು. ಗುರುವಾರ ಆಪರೇಷನ್. "ಕಣ್ಣು ಉಳಿಯತ್ತಾ ಅಂತ ಕೇಳ್ದೆ. ಡಾಕ್ಟರು ಛಾವಣಿ ನೋಡಿದ್ರು," ಎಂದು ನಕ್ಕರು. ಆ ನಗು ನನಗೆ ಇಡೀ ದಿನ ಚುಚ್ಚುತ್ತಿತ್ತು.

ಅಂಥ ಗಡ್ಡೆಗಳಲ್ಲಿ ಒಂದು ಜಾತಿ ಇದೆ. ಅದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ತಾನೇ ಸುರಿಸುತ್ತಿರುತ್ತದೆ. ಆ ಜಾತಿಯದಾದರೆ ಸಾಮಾನ್ಯವಾಗಿ ಕತ್ತಿಯೇ ಬೇಡ, ಗುಳಿಗೆಗೇ ಕುಗ್ಗುತ್ತದೆ. ಆದರೆ ಆಗ ರಕ್ತದಲ್ಲಿ ಅದರ ಅಂಕೆ ಸಾವಿರಗಟ್ಟಲೆ ಇರಬೇಕು. ಟೈಲರಮ್ಮನಿಗೆ ಬಂದದ್ದು ತೊಂಬತ್ತೆರಡು, ಇರಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆದ್ದರಿಂದ ಇದು ಬೇರೆ ಜಾತಿ, ಕತ್ತರಿಸಲೇಬೇಕು ಎಂದು ಸರ್ಜನ್ ಅಂದೇ ಸಂಜೆ ಗುರುವಾರವನ್ನೇ ಖಾಯಂ ಮಾಡಿದರು. ನನಗೋ, ಹೋದ ವರ್ಷ ತರಬೇತಿಯಲ್ಲಿ ಕೇಳಿದ ಒಂದು ಮಾತು ತಲೆಯಲ್ಲಿ ಕೊರೆಯುತ್ತಿತ್ತು. ರಕ್ತದಲ್ಲಿ ಅದು ಅತಿಯಾದಾಗಲೂ ಯಂತ್ರ ಕಡಿಮೆ ತೋರಿಸಬಹುದಂತೆ.

ಅಮ್ಮಾ, ಇದು ಗುಬ್ಬಿಗಿಂತ ನಿನಗೆ ಬೇಗ ಅರ್ಥವಾಗುತ್ತದೆ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಇಪ್ಪತ್ತು ವರ್ಷ ದುಡಿದವಳು ನೀನು. ಒಂದು ಚಾದರ ಹಿಂಡಬೇಕಾದರೆ ಆ ತುದಿಗೊಬ್ಬರು, ಈ ತುದಿಗೊಬ್ಬರು ಬೇಕು ತಾನೆ? ನಮ್ಮ ಪರೀಕ್ಷೆಯೂ ಹಾಗೇ. ಪ್ರತಿಕಾಯ ಎಂಬ ಹಿಡಿಯುವ ಕೈಗಳು ಎರಡು ಬಗೆ. ಒಂದು ಬಗೆ ನಳಿಗೆಯ ತಳಕ್ಕೆ ಅಂಟಿಕೊಂಡಿರುತ್ತದೆ, ಇನ್ನೊಂದು ದೀಪ ಹೊತ್ತು ತೇಲುತ್ತಿರುತ್ತದೆ. ಹಾರ್ಮೋನಿನ ಒಂದು ತುದಿಯನ್ನು ಅದು, ಇನ್ನೊಂದು ತುದಿಯನ್ನು ಇದು ಹಿಡಿದರೆ ದೀಪ ತಳದಲ್ಲಿ ನಿಲ್ಲುತ್ತದೆ. ಉಳಿದದ್ದನ್ನು ತೊಳೆದು ಚೆಲ್ಲಿ, ಯಂತ್ರ ಬೆಳಕನ್ನು ಅಳೆಯುತ್ತದೆ. ಆದರೆ ಚಾದರಗಳು ರಾಶಿ ರಾಶಿ ಬಂದು ಬಿದ್ದರೆ? ಒಬ್ಬೊಬ್ಬರೂ ಒಂದೊಂದರ ತುದಿ ಹಿಡಿದು ನಿಂತುಬಿಡುತ್ತಾರೆ, ಯಾರಿಗೂ ಜೋಡಿಯೇ ಸಿಗುವುದಿಲ್ಲ. ದೀಪಗಳೆಲ್ಲ ತೊಳೆದ ನೀರಿನ ಜೊತೆ ಹೋಗುತ್ತವೆ. ಯಂತ್ರ ಪಾಪ, ಇಲ್ಲಿ ಹೆಚ್ಚೇನೂ ಇಲ್ಲ ಎನ್ನುತ್ತದೆ. ಹಾಗೇನಾದರೂ ಆಗಿದೆಯೇ ಎಂದು ತಿಳಿಯಬೇಕಾದರೆ ರಕ್ತವನ್ನು ತೆಳು ಮಾಡಿ ಮತ್ತೆ ಹಾಕಬೇಕು.

ಮಂಗಳವಾರ ಬೆಳಿಗ್ಗೆ ನಮ್ಮ ಲ್ಯಾಬಿನ ಮುಖ್ಯಸ್ಥರ ಮುಂದೆ ನಿಂತೆ. "ಸರ್, ಟೈಲರಮ್ಮನ ಸ್ಯಾಂಪಲ್ಲು ನೂರು ಪಟ್ಟು ತೆಳು ಮಾಡಿ ಇನ್ನೊಂದ್ಸಲ ಹಾಕ್ತೀನಿ."

"ರಿಪೋರ್ಟು ಹೋಗಿ ಆಯ್ತಲ್ಲ. ನೀರು ಬೆರೆಸೋಕೆ ನೀವೇನು ಹಾಲು ಮಾರ್ತಿದ್ದೀರಾ?"

"ಒಂದೇ ಒಂದ್ಸಲ ಸರ್. ನಾನು ಹೇಳಿದ್ದು ಸುಳ್ಳಾದ್ರೆ ಈ ವರ್ಷ ಪೂರ್ತಿ ಬಾಯಿ ಬಿಡಲ್ಲ."

ಆ ಆಸೆಗೇ ಒಪ್ಪಿರಬೇಕು ಮಹಾನುಭಾವರು. ಹದಿನೆಂಟು ನಿಮಿಷ ಯಂತ್ರದ ಮುಂದೆ ಉಗುರು ಕಚ್ಚುತ್ತಾ ನಿಂತೆ. ತೆಳು ಮಾಡಿದರೆ ಅಂಕೆ ಇಳಿಯಬೇಕಲ್ಲವೇ ಗುಬ್ಬಿ? ಏರಿತ್ತು ಕಣೇ! ತೊಂಬತ್ತೆರಡು ಇದ್ದದ್ದು ನೂರ ನಲವತ್ತಾಗಿ ಕೂತಿತ್ತು. ನೂರು ಪಟ್ಟು ತೆಳು ಮಾಡಿದ್ದರಿಂದ ನೂರರಿಂದ ಗುಣಿಸು. ಹದಿನಾಲ್ಕು ಸಾವಿರ! ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಇನ್ನೊಮ್ಮೆ ಹಾಕಿಸಿದರು, ಮತ್ತೆ ಅದೇ ಬಂತು. "ನಡೀರಿ, ಮೇಲೆ ಹೋಗೋಣ," ಎಂದು ಅವರೇ ಮುಂದೆ ನಡೆದರು.

ಸರ್ಜನ್ ತಲೆಯೆತ್ತದೆ ಕೇಳಿದರು, "ಲ್ಯಾಬಿನವರು ಯಾವಾಗಿಂದ ಆಪರೇಷನ್ ನಿಲ್ಲಿಸೋಕೆ ಶುರು ಮಾಡಿದ್ರಿ?"

"ಇವತ್ತಿಂದ ಸರ್," ಎಂದುಬಿಟ್ಟೆ. ಹೊಸ ಅಂಕೆಯ ಹಾಳೆಯನ್ನು ಅವರ ಮುಂದಿಟ್ಟೆ. ಅವರು ರಿಪೋರ್ಟನ್ನು ಎರಡು ಸಲ ಓದಿದರು. ಆಮೇಲೆ ಗುರುವಾರದ ಪಟ್ಟಿ ತರಿಸಿ, ಟೈಲರಮ್ಮನ ಹೆಸರಿನ ಮೇಲೆ ಅಡ್ಡಗೆರೆ ಎಳೆದರು.

ವಾರಕ್ಕೆ ಎರಡು ಗುಳಿಗೆ, ಅಷ್ಟೇ ಅಮ್ಮಾ. ಹತ್ತು ದಿನಕ್ಕೆ ಪಕ್ಕದಲ್ಲಿ ನಿಂತವರು ಕಾಣತೊಡಗಿದರು. ಆರು ವಾರಕ್ಕೆ ಗಡ್ಡೆ ಅರ್ಧವಾಗಿತ್ತು. ಕಳೆದ ಸೋಮವಾರ ಟೈಲರಮ್ಮ ಲ್ಯಾಬಿಗೆ ಬಂದರು. ಚೌಕಟ್ಟಿಗೆ ಬಡಿಸಿಕೊಳ್ಳದೆ, ಮೇಜಿಗೆ ತಾಗದೆ, ಸೀದಾ ನನ್ನ ಮುಂದೆ ಬಂದು ನಿಂತರು. "ಇದೇನು ಮೇಡಂ, ಕೋಟಿಗೆ ಗುಂಡಿನೇ ಇಲ್ಲ," ಎಂದು ಗದರಿ, ಚೀಲದಿಂದ ಸೂಜಿ ತೆಗೆದು, ಒಂದೇ ಏಟಿಗೆ ದಾರ ಪೋಣಿಸಿ, ನಿಂತಲ್ಲೇ ಹೊಲಿದುಕೊಟ್ಟರು. ನಾನು ಎಲ್ಲರೆದುರು ಗಳಗಳ ಅತ್ತೆ. ಸಂತೋಷಕ್ಕೆ ಹಾಗೆ ಅತ್ತು ಎಷ್ಟು ಕಾಲವಾಗಿತ್ತೋ!

ಸರ್ಜನ್ ತಾವೇ ಕೆಳಗಿಳಿದು ಬಂದು, "ದೊಡ್ಡ ಗಡ್ಡೆ ಇದ್ರೆ, ನೀವು ತೆಳು ಮಾಡಿ ನೋಡೋವರೆಗೂ ನಾನು ಕತ್ತಿ ಮುಟ್ಟಲ್ಲ ಮೇಡಂ," ಎಂದರು. ಆ ನಿಯಮ ಈಗ ಯಂತ್ರದ ಮೇಲಿನ ಗೋಡೆಯಲ್ಲಿ ದಪ್ಪಕ್ಷರದಲ್ಲಿದೆ. ಲ್ಯಾಬಿನವರೆಲ್ಲ ನನ್ನನ್ನು 'ಹಾಲಿನಕ್ಕ' ಎಂದು ಕರೆಯುತ್ತಿದ್ದಾರೆ. ಕರೆಯಲಿ ಬಿಡು, ನನಗೂ ಒಳಗೊಳಗೇ ಖುಷಿ.

ಅಮ್ಮನ ಒರಟು ಕೈಗಳಿಗೆ ಎರಡು ಮುತ್ತು. ನಿನ್ನ ತಲೆ ಸವರಿ ಹರಸುತ್ತೇನೆ. ಅವಳೊಡನೆ ಹೀಗೇ ಜಗಳವಾಡಿಕೊಂಡು, ನಗುನಗುತ್ತಾ ನೂರು ಕಾಲ ಬಾಳು.

ಇಂತು ನಿನ್ನ
ಅಕ್ಕ

ತಾ.ಕ.: ಗುಬ್ಬಿ, ಜೋರಾಗಿ ಓದುವುದನ್ನು ಇಲ್ಲಿಗೆ ನಿಲ್ಲಿಸು. ಮುಗೀತಮ್ಮಾ ಎಂದು ಹೇಳಿ, ಇದನ್ನು ಅಡುಗೆಮನೆಗೆ ಹೋಗಿ ಒಬ್ಬಳೇ ಓದಿಕೊ.

ಹನ್ನೊಂದು ವರ್ಷದ ಹಿಂದೆ ಅಮ್ಮನ ಗಡ್ಡೆ ಇದ್ದದ್ದೂ ಅದೇ ಜಾಗದಲ್ಲಿ. ಅವಳ ಅಂಕೆ ಎಂಬತ್ತೆಂಟು. ಹಳೆಯ ರಿಪೋರ್ಟು ಹುಡುಕಿ ತೆಗೆದೆ, ಕೆಳಗೆ ನನ್ನದೇ ಸಹಿ. "ಅಕ್ಕಾ, ಇನ್ನೊಂದು ಕಡೆ ತೋರಿಸೋಣ," ಎಂದು ನೀನು ಗೋಗರೆದೆ. "ಲ್ಯಾಬಿನವಳು ನಾನಾ, ನೀನಾ?" ಎಂದು ನಿನ್ನ ಬಾಯಿ ಮುಚ್ಚಿಸಿದೆ. ಆಪರೇಷನ್ನಿನಲ್ಲಿ ಅವಳ ಕಣ್ಣು ಹೋಯಿತು. ಹಣೆಬರಹ ಎಂದುಕೊಂಡೆವು.

ಬರೀ ಅನುಮಾನ ಇಟ್ಟುಕೊಂಡು ನಿಮಗೆ ಬರೆಯಲು ಕೈಯೇ ಏಳಲಿಲ್ಲ. ಅಂದು ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿಟ್ಟು ಆಸ್ಪತ್ರೆಯಲ್ಲಿ ಕಾಪಾಡಿದ್ದರು. ಅದಕ್ಕೆ ಪ್ರತಿಕಾಯದ ಬಣ್ಣ ಹಾಕಿಸಿದೆ. ಆ ಹಾರ್ಮೋನು ಇದ್ದರೆ ಕಂದು ಬಣ್ಣ ಏರುತ್ತದೆ. ಮೊನ್ನೆ ಶುಕ್ರವಾರ ಗಾಜಿನ ಪಟ್ಟಿ ಕೈಗೆ ಬಂತು. ಈ ಅಂಚಿನಿಂದ ಆ ಅಂಚಿಗೆ ಕಂದು. ಅವಳಿಗೂ ಗುಳಿಗೆ ಸಾಕಾಗುತ್ತಿತ್ತು ಗುಬ್ಬಿ.

ನೀನು ಏನೂ ಹೇಳಬೇಡ. ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಅವಳ ಮುಂದೆ ಕೂತು ನಾನೇ ಹೇಳುತ್ತೇನೆ. ಈ ಪತ್ರ ಕೇಳಿದ ಮೇಲೆ ಅವಳು ಬೀದಿಯವರಿಗೆಲ್ಲ ಹೇಳಿಕೊಂಡು ಬರುತ್ತಾಳೆ, ನೋಡುತ್ತಿರು: "ನನ್ನ ರಕ್ತಾನೂ ನನ್ನ ಮಗಳೇ ನೋಡಿದ್ದು." ಶನಿವಾರದವರೆಗೆ ಹೇಳಿಕೊಳ್ಳಲಿ. ತಡೆಯಬೇಡ.