ಆವತ್ತು ಬಾಯಿಗೆ ಬಾರದ ಮಾತು

ಪುಟ್ಟಿ,

ಅಡುಗೆ ಮಾಡಿ ಮುಚ್ಚಿಟ್ಟಿದ್ದೇನೆ. ನನ್ನ ಮೇಲಿನ ಸಿಟ್ಟನ್ನು ಊಟದ ಮೇಲೆ ತೋರಿಸಬೇಡ. ಅಪ್ಪನಿಗೆ ಬಿ.ಪಿ. ಮಾತ್ರೆ ಕೊಟ್ಟರೆ ಸಾಲದು, ನುಂಗುವವರೆಗೂ ಎದುರಿಗೇ ನಿಂತಿರು. ಅಮ್ಮನ ಸೀರೆಗಳನ್ನು ಈಗಲೇ ಯಾರಿಗೂ ಕೊಡಬೇಡ.

ನೀನು ಮಾತು ಬಿಟ್ಟು ಹನ್ನೆರಡು ದಿನವಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ಆವತ್ತು ಐದಕ್ಕೆ ಗಾರ್ಮೆಂಟ್ಸ್ ಕೆಲಸ ಮುಗಿಸಿ ನಾನು ಆಸ್ಪತ್ರೆಗೆ ಬರಲು ಬ್ಯಾಗ್ ಹಿಡಿದು ನಿಂತಿದ್ದೆ ಕಣೇ. "ಎರಡೇ ಗಂಟೆ ಓಟಿ ಮಾಡಮ್ಮ, ಆರ್ಡರ್ ಇವತ್ತೇ ಹೋಗ್ಬೇಕು" ಅಂದರು ಸೂಪರ್‌ವೈಸರ್. ಕೆಲಸ ಹೋದೀತೆಂದು ಹೆದರಿ ಮತ್ತೆ ಹೊಲಿಗೆ ಮೆಷಿನ್ ಮುಂದೆ ಕೂತೆ. ಅಷ್ಟರಲ್ಲಿ ಅಮ್ಮ ಹೋಗಿಬಿಟ್ಟಳು. "ಅಕ್ಕ ಬಂದ್ಲಾ?" ಅಂತ ನಿನ್ನನ್ನು ಕೇಳುತ್ತಲೇ ಇದ್ದಳಂತೆ. ಪಕ್ಕದ ಮಂಚದ ಅಜ್ಜಿ ಹೇಳಿದರು.

ನಿನ್ನೆ ಸೂಪರ್‌ವೈಸರ್ ಮತ್ತೆ ಓಟಿ ಮಾಡು ಅಂದರು. "ಆಗಲ್ಲ ಸಾರ್" ಅಂದೆ. "ಸರಿ, ಹೋಗಮ್ಮ" ಅಂದರು. ಅಷ್ಟೇ. ಒಂದು ಮಾತೂ ಬೈಯಲಿಲ್ಲ. ಹೊರಗೆ ಬಂದವಳು ಅಭ್ಯಾಸದಂತೆ ಆಸ್ಪತ್ರೆಯ ಬಸ್ಸನ್ನೇ ಹತ್ತಿದ್ದೆ. ವಾರ್ಡಿನ ಬಾಗಿಲಿಗೆ ಹೋದಮೇಲೆ ನೆನಪಾಯಿತು. ಅಮ್ಮನ ಮಂಚದಲ್ಲಿ ಬೇರೆ ಯಾರೋ ಮಲಗಿದ್ದರು.

ಇವತ್ತೂ ಐದಕ್ಕೇ ಹೊರಡುತ್ತೇನೆ. ಬಂದ ಕೂಡಲೇ ಬಾಯಿಗೆ ಬಂದಂತೆ ಬೈದುಬಿಡು ಪುಟ್ಟಿ, ಸುಮ್ಮನೆ ಮಾತ್ರ ಇರಬೇಡ.

ಅಕ್ಕ